ಡೇರಿಗೆ ಹಾಕುವ ಮುನ್ನ ಎರಡು ಲೋಟ

ಪ್ರಶ್ನೆ: ಡಾಕ್ಟರಮ್ಮ, ನನಗೆ 43 ವರ್ಷ, ಪಾವಗಡ ತಾಲ್ಲೂಕಿನ ಹಳ್ಳಿಯವಳು. ಮೂರು ಎಕರೆ ಮಳೆ ಆಶ್ರಯದ ಹೊಲ, ಕಡಲೆಕಾಯಿ ಹಾಕುತ್ತೇವೆ. ಎರಡು ಹಸು ಇವೆ, ಹಾಲು ಡೇರಿಗೆ ಹಾಕಿ ಸಂಸಾರ ನಡೆಸುತ್ತೇವೆ. ನಮ್ಮ ಅತ್ತೆಗೆ ಈಗ 68. ಹೋದ ವರ್ಷ ಕೊಟ್ಟಿಗೆಯಲ್ಲಿ ಜಾರಿ ಕೈ ಊರಿಕೊಂಡಿದ್ದಕ್ಕೇ ಮಣಿಕಟ್ಟು ಮುರಿಯಿತು. ನಾಟಿ ಕಟ್ಟು ಹಾಕಿಸಿದೆವು, ಕೂಡಿಕೊಂಡಿತು, ಆದರೆ ಸೊಟ್ಟಗೆ. ಆರು ತಿಂಗಳಿಂದ ಬೆನ್ನು ನೋವು ಅನ್ನುತ್ತಾರೆ. ಬರಬರುತ್ತಾ ಗೂನು ಬಿದ್ದಿದೆ, ಮೊದಲು ನನಗಿಂತ ಎತ್ತರ ಇದ್ದವರು ಈಗ ನನ್ನ ಭುಜಕ್ಕೆ ಬರುತ್ತಾರೆ. ಮಂಡಿ ನೋವಿಗೆ ಅಂತ ನಾಲ್ಕೈದು ವರ್ಷದಿಂದ ಸಂತೆಯ ಊರಿನಲ್ಲಿ ಒಬ್ಬರ ಹತ್ತಿರ ಪೊಟ್ಟಣದ ಮಾತ್ರೆ ತರಿಸಿಕೊಳ್ಳುತ್ತಾರೆ. ಅದು ತಿಂದರೆ ಮಾತ್ರ ಓಡಾಡುತ್ತಾರೆ. ಅವರಿಗೆ 38ಕ್ಕೇ ಗರ್ಭಕೋಶ ತೆಗೆಸಿದ್ದಾರಂತೆ.

ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಮೂಳೆ ಸ್ಕ್ಯಾನ್ ಆಗಬೇಕು, ಆಮೇಲೆ ಇಂಜೆಕ್ಷನ್ ಕೊಡಬೇಕು ಅಂದರು. ಖರ್ಚು ಕೇಳಿ ವಾಪಸು ಬಂದೆವು. ಮಗಳ ಕಾಲೇಜು ಫೀಸಿನ ಸಮಯ. ಅತ್ತೆಯೇ "ವಯಸ್ಸಾಯ್ತು, ನನ್ನ ಮೇಲೆ ದುಡ್ಡು ಸುರೀಬೇಡಿ" ಅಂತಾರೆ. ಪಕ್ಕದ ಬೀದಿಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು, ಮಲಗಿದಲ್ಲೇ ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಅದನ್ನು ನೋಡಿದ ಮೇಲೆ ನನಗೆ ರಾತ್ರಿ ಅತ್ತೆ ಬಚ್ಚಲಿಗೆ ಎದ್ದರೆ ಎಚ್ಚರವಾಗುತ್ತದೆ. ಬೆಂಗಳೂರಿನಲ್ಲಿರುವ ನಾದಿನಿ ಫೋನು ಮಾಡಿದಾಗಲೆಲ್ಲ "ಸರಿಯಾಗಿ ನೋಡಿಕೊಂಡಿದ್ದರೆ ಅಮ್ಮ ಬೀಳ್ತಿದ್ರಾ?" ಅಂತಾರೆ. ನನ್ನ ತಪ್ಪೇ ಇದು? ನಮ್ಮಂಥವರ ಕೈಲಿ ಏನು ಮಾಡಲಿಕ್ಕಾಗುತ್ತದೆ?

– ಹೆಸರು ಬೇಡ, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗಳಲ್ಲಿ ಮೊದಲನೆಯದನ್ನು ಮೊದಲು ಮುಗಿಸೋಣ. ತಪ್ಪು ನಿಮ್ಮದಲ್ಲ. ನಿಂತ ಎತ್ತರದಿಂದ ಬಿದ್ದು ಕೈ ಊರಿದರೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ; ತರಚುತ್ತದೆ, ಊದಿಕೊಳ್ಳುತ್ತದೆ, ಅಷ್ಟೆ. ಅತ್ತೆಯವರ ಮೂಳೆ ಕೊಟ್ಟಿಗೆಯಲ್ಲಿ ಜಾರುವ ಎಷ್ಟೋ ವರ್ಷ ಮೊದಲೇ ಒಳಗೊಳಗೇ ಟೊಳ್ಳಾಗಿತ್ತು. ಗೆದ್ದಲು ತಿಂದ ತೊಲೆ ಹೊರಗಿನಿಂದ ನೋಡಿದರೆ ನೆಟ್ಟಗೇ ಇರುತ್ತದಲ್ಲ, ಹಾಗೆ. ಇದನ್ನು ಆಸ್ಟಿಯೊಪೊರೋಸಿಸ್ ಅನ್ನುತ್ತೇವೆ. 50 ದಾಟಿದ ಹೆಂಗಸರಲ್ಲಿ ಮೂವರಿಗೆ ಒಬ್ಬರಂತೆ ಇದರಿಂದ ಮೂಳೆ ಮುರಿದುಕೊಳ್ಳುತ್ತಾರೆ ಎಂಬುದು ಜಗತ್ತಿನ ಲೆಕ್ಕ. ಅಷ್ಟು ಮನೆಗಳ ಸೊಸೆಯರೆಲ್ಲ ಅತ್ತೆಯನ್ನು ಸರಿಯಾಗಿ ನೋಡಿಕೊಳ್ಳದವರೇ ಏನು?

ನಿಮ್ಮ ಕಾಗದದಲ್ಲೇ ಕಾರಣಗಳು ಸಾಲಾಗಿ ಕೂತಿವೆ. ಹೆಂಗಸರ ಮೂಳೆಯನ್ನು ಕಾಯುವುದು ಈಸ್ಟ್ರೊಜನ್ ಎಂಬ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ, ಮೂಳೆ ಸವೆಯುವುದು ಜೋರಾಗುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಆ ಕಾವಲು 38ಕ್ಕೇ ಹೋದಂತೆ. ಅಲ್ಲಿಂದ ಇಲ್ಲಿಗೆ 30 ವರ್ಷ. ಅದರ ಜೊತೆಗೆ ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ. ಇದಕ್ಕೆಲ್ಲ ಯಾರನ್ನು ಬೈಯೋಣ?

ಆದರೆ ಒಂದು ಕಾರಣ ಇವತ್ತೂ ನಡೆಯುತ್ತಿದೆ, ಅದಕ್ಕೆ ಈ ವಾರವೇ ಗಮನ ಬೇಕು: ಆ ಪೊಟ್ಟಣದ ಮಾತ್ರೆ. ಹೆಸರಿಲ್ಲದ ಪೊಟ್ಟಣದಲ್ಲಿ ಬಂದು, ತಿಂದ ದಿನವೇ ಮಂಡಿ ನೋವನ್ನು ಮಾಯ ಮಾಡುವ ಮಾತ್ರೆಯಲ್ಲಿ ಅನೇಕ ಸಲ ಸ್ಟೀರಾಯ್ಡ್ ಇರುತ್ತದೆ. ಎಷ್ಟೋ "ನಾಟಿ ಪುಡಿ"ಗಳಲ್ಲೂ ಅದನ್ನು ಬೆರೆಸಿರುತ್ತಾರೆ. ವರ್ಷಗಟ್ಟಲೆ ತಿಂದರೆ ಮೂಳೆಯನ್ನು ಅದರಷ್ಟು ಬೇಗ ಕೊರೆಯುವ ಔಷಧಿ ಬೇರೆ ಇಲ್ಲವೆಂದೇ ಹೇಳಬಹುದು. ಮುಖ ದುಂಡಗಾಗಿದೆಯೇ, ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ಕಪ್ಪುಗಟ್ಟುತ್ತದೆಯೇ, ಸಕ್ಕರೆ ಏರಿದೆಯೇ ನೋಡಿ. ಹಾಗೆಂದು ಇದನ್ನು ಓದಿದ ಕೂಡಲೇ ಪೊಟ್ಟಣವನ್ನು ತಿಪ್ಪೆಗೆ ಎಸೆಯಬೇಡಿ. ಬಹುಕಾಲ ಸ್ಟೀರಾಯ್ಡ್ ತಿಂದವರು ದಿಢೀರನೆ ಬಿಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ. ಮಾತ್ರೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಇದನ್ನು ಇಷ್ಟು ವರ್ಷದಿಂದ ತಿಂದಿದ್ದಾರೆ" ಅಂತ ಮುಚ್ಚಿಡದೆ ಹೇಳಿ. ಹಂತ ಹಂತವಾಗಿ ಇಳಿಸುವುದು ಅವರ ಕೆಲಸ.

ಇನ್ನು ಸ್ಕ್ಯಾನ್. ಡೆಕ್ಸಾ ಎನ್ನುವ ಆ ಸ್ಕ್ಯಾನು ಮೂಳೆಯ ಸಾಂದ್ರತೆಗೆ ಒಂದು ಅಂಕಿ ಕೊಡುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಒಳ್ಳೆಯ ಪರೀಕ್ಷೆಯೇ. ಆದರೆ ಅದಿಲ್ಲದೆ ಮುಂದೆ ಹೆಜ್ಜೆ ಇಡಲಾಗದು ಅಂದುಕೊಳ್ಳಬೇಡಿ. ಅತ್ತೆಯವರನ್ನು ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲಿಸಿ. ನೇರ ನೋಡುತ್ತಾ ನಿಂತಾಗ ತಲೆಯ ಹಿಂಭಾಗ ಗೋಡೆಗೆ ಮುಟ್ಟದಿದ್ದರೆ, ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸದಿದ್ದರೆ, ಬೆನ್ನುಮೂಳೆಯ ಮಣಿಗಳು ಕುಸಿದಿರುವ ಅನುಮಾನ ಬಲವಾಗುತ್ತದೆ. ನಿಮಗಿಂತ ಎತ್ತರವಿದ್ದವರು ಭುಜಕ್ಕೆ ಬಂದಿದ್ದಾರೆ ಅಂದರೆ ಅಳತೆಪಟ್ಟಿಯೂ ಬೇಡ. ಇದನ್ನು ಖಚಿತ ಮಾಡಲು ಬೆನ್ನಿನ ಪಕ್ಕದಿಂದ ತೆಗೆದ ಸಾದಾ ಎಕ್ಸ್‌ರೇ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ ನೋಡಿ. ಪೆಟ್ಟಿಲ್ಲದೆ ಬೆನ್ನುಮಣಿ ಕುಸಿದಿದ್ದು ಎಕ್ಸ್‌ರೇಯಲ್ಲಿ ಕಂಡು, ಬೇರೆ ಕಾಯಿಲೆ ಇಲ್ಲವೆಂದು ಗೊತ್ತಾದರೆ, ಸ್ಕ್ಯಾನ್ ಇಲ್ಲದೆಯೇ ವೈದ್ಯರು ಚಿಕಿತ್ಸೆ ಶುರು ಮಾಡಬಹುದು. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಇ.ಎಸ್.ಆರ್. ನೋಡಬೇಕು. ಬೆನ್ನು ನೋವಿಗೆ ಕ್ಷಯ ಕಾರಣವಾಗುವುದೂ ನಮ್ಮಲ್ಲಿ ಅಪರೂಪವಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು, ಕಾಲಿನ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು – ಇವುಗಳಲ್ಲಿ ಒಂದು ಕಂಡರೂ ಕಾಯುವ ಮಾತೇ ಇಲ್ಲ.

ಪಾವಗಡ ಎಂದು ನೀವು ಬರೆದದ್ದರಿಂದ ನೀರಿನ ಮಾತನ್ನೂ ಆಡಲೇಬೇಕು. ನಿಮ್ಮ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಾಗ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ದಶಕಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯಾಗುತ್ತವೆ. ಕತ್ತು ಬೆನ್ನು ಬಾಗಿಸಲು ಆಗುವುದಿಲ್ಲ. ಇದರ ಮೋಸ ಏನೆಂದರೆ, ಫ್ಲೋರೈಡ್ ಸೇರಿದ ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣುತ್ತದೆ, ಆದರೆ ಕೈಕೊಡುತ್ತದೆ. ಹಾಗಾಗಿ ನಾಳೆ ಸ್ಕ್ಯಾನ್ ಮಾಡಿಸಿ "ಅಂಕಿ ಚೆನ್ನಾಗಿದೆ" ಅಂದರೂ ಅದನ್ನೇ ನಂಬಿ ಕೂರುವಂತಿಲ್ಲ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತವೆಯೇ? ಹಾಗಿದ್ದರೆ ನೀರಿನ ಮೇಲೆ ಅನುಮಾನ ಪಡಿ. ಯಾವ ನೀರು ಕುಡಿಯುತ್ತೀರೆಂದು ವೈದ್ಯರಿಗೆ ಹೇಳಿ. ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡಿಸಿಕೊಡಲು ಕೇಳಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದರೆ ಕುಡಿಯಲು ಮಾತ್ರವಲ್ಲ, ಮುದ್ದೆ, ಸಾರಿಗೂ ಅದನ್ನೇ ಬಳಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಈಗ ಊಟಕ್ಕೆ ಬರೋಣ. ವಯಸ್ಸಾದ ಹೆಂಗಸಿಗೆ ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಅಷ್ಟೇ ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅತ್ತೆಯವರು ಹಲ್ಲು ಹೋಯಿತೆಂದು ಅನ್ನಕ್ಕೆ ಇಳಿದಿದ್ದರೆ ಮತ್ತೆ ಮುದ್ದೆಗೆ ಏರಿಸಿ. ಮುದ್ದೆಗೆ ಹಲ್ಲು ಯಾಕೆ, ನುಂಗುವುದು ತಾನೆ! ರಾಗಿಯ ಕ್ಯಾಲ್ಸಿಯಂ ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ. ಮೊಳಕೆ ಕಟ್ಟಿ ಹುರಿದು ಮಾಡಿದ ಹುರಿಹಿಟ್ಟು, ಹುಳಿ ಬರಿಸಿದ ಅಂಬಲಿ – ಇವುಗಳಲ್ಲಿ ಹೆಚ್ಚು ಹತ್ತುತ್ತದೆ. ಹುರುಳಿ ಸಾರು, ನುಗ್ಗೆ ಸೊಪ್ಪು, ಒಂದು ಚಮಚ ಎಳ್ಳಿನ ಪುಡಿ ನಿಮಗೆ ಹೊಸದಲ್ಲ. ಬರೀ ಕ್ಯಾಲ್ಸಿಯಂ ಇದ್ದರೆ ಸಾಲದು, ಮಾಂಸಖಂಡಕ್ಕೆ ಪ್ರೋಟೀನು ಬೇಕು: ನಿಮ್ಮ ಹೊಲದ ಕಡಲೆಕಾಯಿಯನ್ನು ಕುಟ್ಟಿ ಚಟ್ನಿಗೆ ಹಾಕಿ, ಬೇಳೆ ಗಟ್ಟಿಯಾಗಿರಲಿ, ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ ಕೊಡಿ.

ಅಜ್ಜಿಯರು ನನ್ನ ಹತ್ತಿರ ಹೂಡುವ ವಾದ ಒಂದಿದೆ: "ಎಲೆ ಅಡಿಕೆ ಜೊತೆ ಸುಣ್ಣ ಹಾಕ್ಕೊಳ್ತೀನಲ್ಲ, ಅದೇ ಕ್ಯಾಲ್ಸಿಯಂ!" ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದೇನೋ ಸರಿ. ಆದರೆ ಅಡಿಕೆ, ಹೊಗೆಸೊಪ್ಪಿನ ಜೊತೆಯಲ್ಲಿ ಅದು ಬಾಯಿ ಕ್ಯಾನ್ಸರಿನ ದಾರಿ. ಆ ಲೆಕ್ಕ ನಮಗೆ ಬೇಡ.

ಹಾಲಿನ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಈಗ ಬಿಸಿಲಿನದು ಹೇಳುತ್ತೇನೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದನ್ನು ಚರ್ಮ ಬಿಸಿಲಿನಿಂದ ಮಾಡಿಕೊಳ್ಳುತ್ತದೆ. ಬಿಸಿಲನ್ನೇ ಬೆಳೆದು ಸೋಲಾರ್ ಪಾರ್ಕಿನಿಂದ ನಾಡಿಗೆಲ್ಲ ಕರೆಂಟು ಕೊಡುವ ತಾಲ್ಲೂಕು ನಿಮ್ಮದು. ಆದರೆ ಕೈ ಮುರಿದ ಮೇಲೆ ಅತ್ತೆಯವರು ಹೊಲಕ್ಕೆ ಹೋಗದೆ ನಡುಮನೆಯ ಕತ್ತಲಲ್ಲಿ ಕೂತಿರುತ್ತಾರೆ, ಅಲ್ಲವೇ? ವಾರದಲ್ಲಿ ನಾಲ್ಕೈದು ದಿನ, ಬೆಳಗಿನ 11ರ ಸುಮಾರಿಗೆ, ತಲೆಗೆ ಸೆರಗು ಹೊದ್ದು, ಕೈ ಕಾಲಿಗೆ ಬಿಸಿಲು ಬೀಳುವಂತೆ 20–30 ನಿಮಿಷ ಜಗಲಿಯಲ್ಲಿ ಕೂರಲಿ. ಕಡು ಬೇಸಿಗೆಯಲ್ಲಿ ಅಷ್ಟು ಹೊತ್ತು ಬೇಡ. ಕಡಲೆಕಾಯಿ ಸುಲಿಯುವ ಕೆಲಸ ಅಲ್ಲೇ ಆಗಲಿ. ವೈದ್ಯರು ವಿಟಮಿನ್ ಡಿ ವಾರಕ್ಕೊಂದು ಅಂತ ಬರೆದುಕೊಟ್ಟರೆ ಅವರು ಹೇಳಿದಷ್ಟೇ ವಾರ ತೆಗೆದುಕೊಳ್ಳಿ. ಒಳ್ಳೆಯದೆಂದು ವರ್ಷಗಟ್ಟಲೆ ಮುಂದುವರಿಸಿದರೆ ಅದೂ ವಿಷವೇ. ಒಂದೇ ಸಲಕ್ಕೆ ಭಾರಿ ಡೋಸ್ ಕೊಟ್ಟಾಗ ವಯಸ್ಸಾದ ಹೆಂಗಸರು ಇನ್ನೂ ಹೆಚ್ಚು ಬಿದ್ದದ್ದು 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಕಂಡಿದೆ.

ಹಾಗಾದರೆ ಊಟ, ಬಿಸಿಲು ಇಷ್ಟರಲ್ಲೇ ಮುಗಿಯಿತೇ? ಇಲ್ಲ. ಒಮ್ಮೆ ಮುರಿದ ಮೂಳೆಗೆ ಔಷಧಿಯೂ ಬೇಕು. ಇಲ್ಲೇ ನಿಮ್ಮಂಥ ಮನೆಗಳಿಗೆ ಗೊತ್ತಾಗದೆ ಹೋಗುವ ವಿಷಯವಿದೆ: ಮೂಳೆ ಗಟ್ಟಿ ಮಾಡುವ ಔಷಧಿಗಳಲ್ಲಿ ಹಳೆಯದೂ ಅಗ್ಗವೂ ಆದದ್ದು ವಾರಕ್ಕೊಂದೇ ಮಾತ್ರೆ, ಅಲೆಂಡ್ರೊನೇಟ್ 70 ಮಿ.ಗ್ರಾಂ. ತಿಂಗಳಿಗೆ ನಾಲ್ಕು. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಹೊರಗಿನ ಬ್ರ್ಯಾಂಡಿಗಿಂತ ಬಹಳ ಕಡಿಮೆಗೆ ಸಿಗುತ್ತದೆ. ಅದನ್ನು ತಿನ್ನುವ ಕ್ರಮ ಮಾತ್ರ ಕಟ್ಟುನಿಟ್ಟು: ವಾರದಲ್ಲಿ ಒಂದು ದಿನ ಗೊತ್ತು ಮಾಡಿ – ಸೋಮವಾರ ಅನ್ನಿ. ಬೆಳಗ್ಗೆ ಕಾಫಿ, ಟೀ, ಏನೂ ಮುಟ್ಟುವ ಮುನ್ನ, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂರಬೇಕು ಇಲ್ಲವೇ ಓಡಾಡಬೇಕು. ಇಲ್ಲದಿದ್ದರೆ ಅನ್ನನಾಳ ಸುಟ್ಟಂತಾಗುತ್ತದೆ. ಮೂತ್ರಪಿಂಡ ಕೆಟ್ಟವರಿಗೆ, ನುಂಗಲು ಕಷ್ಟವಿರುವವರಿಗೆ ಇದು ಆಗದು. ಕ್ಯಾಲ್ಸಿಯಂ, ಡಿ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಿಸಬೇಕು, ಕೀಳಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಬೇಕು, ಫ್ಲೋರೈಡಿನ ತೊಂದರೆಯಿದ್ದರೆ ಲೆಕ್ಕಾಚಾರವೇ ಬೇರೆ. ಆದ್ದರಿಂದ ಅಂಗಡಿಯಲ್ಲಿ ಹೆಸರು ಹೇಳಿ ತರಬೇಡಿ, ವೈದ್ಯರ ಚೀಟಿ ಬೇಕು. ನಿಮಗೆ ಹೇಳಿದ ಇಂಜೆಕ್ಷನ್ ಬಹುಶಃ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಇರಬೇಕು. ಅದೂ ಇದೇ ಜಾತಿಯ ಔಷಧಿ. ವಾರದ ಮಾತ್ರೆ ಅತ್ತೆಯವರಿಗೆ ಒಗ್ಗುವುದಾದರೆ ಇಂಜೆಕ್ಷನ್ನಿಗೆ ದುಡ್ಡು ಹೊಂದುವವರೆಗೆ ಕಾಯುವ ಅಗತ್ಯವಿಲ್ಲ.

ಮೂಳೆ ಗಟ್ಟಿಯಾಗಲು ವರ್ಷಗಳು ಬೇಕು. ಬೀಳದಂತೆ ನೋಡಿಕೊಳ್ಳುವುದು ಇವತ್ತೇ ಆಗುವ ಕೆಲಸ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು ಹಾಕಿ. ಬಚ್ಚಲಿನ ನುಣುಪು ಕಲ್ಲಿನ ಮೇಲೆ ಪಾಚಿ ಉಜ್ಜಿ, ಗೋಣಿತಾಟನ್ನಲ್ಲ, ಜಾರದ ರಬ್ಬರ್ ಹಾಸನ್ನು ಹಾಕಿ. ಗೋಡೆಗೆ ಒಂದು ಕಬ್ಬಿಣದ ಹಿಡಿ ಸಿಮೆಂಟಿನಲ್ಲಿ ಕೂರಿಸಲು ಅರ್ಧ ದಿನದ ಗಾರೆ ಕೆಲಸ ಸಾಕು. ಹೊಸಿಲಿಗೆ ಸುಣ್ಣ ಬಳಿದರೆ ಕತ್ತಲಲ್ಲೂ ಕಾಣುತ್ತದೆ. ಸೀರೆ ಪಾದಕ್ಕಿಂತ ಮೇಲಿರಲಿ, ಸವೆದ ಹವಾಯಿ ಚಪ್ಪಲಿ ಬಿಸಾಡಿ. ಕೊಟ್ಟಿಗೆಯ ಸಗಣಿ ನೀರಿನ ಕೆಲಸ ಇನ್ನು ಅವರಿಗೆ ಬೇಡ, ಬಗ್ಗಿ ಬಿಂದಿಗೆ ಎತ್ತುವುದಂತೂ ಬೇಡವೇ ಬೇಡ. ಕಣ್ಣಿನ ಪೊರೆ ಬಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ತೆಗೆಯುತ್ತಾರೆ. ಇದರ ಜೊತೆ ದಿನಾ ಎರಡು ಹೊತ್ತು ವ್ಯಾಯಾಮ: ಗಟ್ಟಿ ಕುರ್ಚಿಯಿಂದ ಹತ್ತು ಸಲ ಏಳುವುದು ಕೂರುವುದು, ಕಿಟಕಿಯ ಸರಳು ಹಿಡಿದು ಹತ್ತು ಸಲ ತುದಿಗಾಲಲ್ಲಿ ನಿಲ್ಲುವುದು. ನೀವು ಪಕ್ಕದಲ್ಲೇ ಇರಿ.

ಪಕ್ಕದ ಬೀದಿಯ ಅಜ್ಜಿಯ ವಿಷಯ. ಅವರ ಜೀವ ತೆಗೆದದ್ದು ಮುರಿದ ಮೂಳೆಗಿಂತ ಹಾಸಿಗೆ ಎಂದೇ ನನ್ನ ಅಂದಾಜು. ಸೊಂಟ ಮುರಿದವರು ಮಲಗಿದಲ್ಲೇ ಇದ್ದರೆ ಶ್ವಾಸಕೋಶಕ್ಕೆ ಸೋಂಕು, ಬೆನ್ನಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. "ಈ ವಯಸ್ಸಿಗೆ ಆಪರೇಷನ್ ತಡ್ಕೊಳ್ತಾರಾ?" ಎಂದು ಮನೆಯವರು ಕೇಳುತ್ತಾರೆ. ಹೆಚ್ಚಿನವರಿಗೆ ಆಪರೇಷನ್ನಿಗಿಂತ ಹಾಸಿಗೆಯೇ ತಡೆಯದು. ದೇವರು ಅಂಥ ದಿನ ತರದಿರಲಿ. ತಂದರೆ, ಬಿದ್ದವರಿಗೆ ಕಾಲೂರಲು ಆಗದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿ ಬಿದ್ದಿದ್ದರೆ, ಎಣ್ಣೆ ತಿಕ್ಕಬೇಡಿ, ಕಟ್ಟು ಹಾಕಿಸಬೇಡಿ, 108 ಆಂಬುಲೆನ್ಸಿಗೆ ಫೋನು ಮಾಡಿ. ಆದಷ್ಟು ಬೇಗ, ಒಂದೆರಡು ದಿನದೊಳಗೆ ಆಪರೇಷನ್ ಆಗಿ, ಮರುದಿನವೇ ಎದ್ದು ಕೂರಿಸುವಂತಾಗಬೇಕು. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಒಂದೇ ಚೀಲದಲ್ಲಿ ಕೈಗೆ ಸಿಗುವಂತೆ ಇಟ್ಟಿರಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿದರೆ ಮುಂದಿನದು ಅವರು ಹೇಳುತ್ತಾರೆ.

ಮನೆಯ ಮನಸ್ಸುಗಳ ಮಾತು ಉಳಿಯಿತು. ಅತ್ತೆಯವರಿಗೆ ಕ್ಯಾಲ್ಸಿಯಂ ಕಥೆ ಹೇಳಿದರೆ ಕಿವಿಗೆ ಹಾಕಿಕೊಳ್ಳಲಾರರು. ಅವರು ಆಡುವ ಮಾತನ್ನೇ ಹಿಡಿಯಿರಿ. "ಅತ್ತೆ, ದುಡ್ಡು ಖರ್ಚಾಗಬಾರದು ಅಂತಲೇ ನಿಮ್ಮನ್ನ ಕರ್ಕೊಂಡು ಹೋಗ್ತಿರೋದು. ಪಕ್ಕದ ಬೀದಿಯಲ್ಲಿ ಎಷ್ಟು ಖರ್ಚಾಯ್ತು ನೋಡಿದ್ರಲ್ಲ" ಅನ್ನಿ. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಸರ್ಕಾರಿ ಬಸ್ಸು ಪುಕ್ಕಟೆ. ತಾಲ್ಲೂಕಿನಲ್ಲಿ ಆಗದ್ದಕ್ಕೆ ತುಮಕೂರಿನ ಜಿಲ್ಲಾಸ್ಪತ್ರೆಗೂ ಹೋಗಿಬರಬಹುದು. ಸಂತೆಯ ದಿನ ಹೊರಟರೆ ಅವರಿಗೂ ಜನ ನೋಡಿದಂತಾಗುತ್ತದೆ.

ನಾದಿನಿಯ ಮಾತು ಚುಚ್ಚುವುದು ಸಹಜ. ದೂರದಲ್ಲಿ ಕೂತು ಏನೂ ಮಾಡಲಾಗದವರ ಭಯ ಎಷ್ಟೋ ಸಲ ಹಾಗೆ ಬೈಗುಳವಾಗಿ ಬರುತ್ತದೆ. ಮುಂದಿನ ಸಲ ಫೋನು ಬಂದಾಗ ಸಮಜಾಯಿಷಿ ಕೊಡಲು ಹೋಗಬೇಡಿ, ಕೆಲಸ ಕೊಡಿ. "ಅಮ್ಮನ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸ್ತಿದ್ದೀವಿ. ಬಚ್ಚಲಿಗೆ ಹಿಡಿ ಹಾಕಿಸೋದು, ತಿಂಗಳ ಮಾತ್ರೆ ನಿಮ್ಮ ಪಾಲು. ಸೋಮವಾರ ಬೆಳಗ್ಗೆ ಫೋನು ಮಾಡಿ ಮಾತ್ರೆ ನೆನಪಿಸೋದೂ ನಿಮ್ಮದೇ" ಅನ್ನಿ. ಅವರು ತಮ್ಮ ಪಾಲಿನ ಕೆಲಸ ಮಾಡತೊಡಗಿದರೆ ದೂರು ತಾನಾಗಿ ಕಡಿಮೆಯಾಗುತ್ತದೆ. ಮಾಡದಿದ್ದರೆ, ದೂರುವ ಹಕ್ಕು ಯಾರಿಗಿದೆ ಎಂಬುದು ನಿಮಗಾದರೂ ಗೊತ್ತಿರುತ್ತದೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ದಾರಿ ಕಾಣದಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಮಾಡಬಹುದು, ಉಚಿತ.

ಈಗ ಹಾಲು. ಎರಡು ಹಸು ಕಟ್ಟಿರುವ ಮನೆಯಲ್ಲಿ ಹಾಲು ಕುಡಿಯುವವರಿಲ್ಲ ಎಂದು ನಿಮ್ಮ ಕಾಗದದ ಸಾಲುಗಳ ನಡುವೆ ನನಗೆ ಕಂಡಿತು. ಕರೆದದ್ದೆಲ್ಲ ಕ್ಯಾನಿಗೆ, ಟೀಗೆ ಮಾತ್ರ ಒಂದಿಷ್ಟು – ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. 200 ಮಿ.ಲೀ. ಲೋಟದಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಡೇರಿಯಲ್ಲಿ ಆ ಲೋಟಕ್ಕೆ ಸಿಗುವುದು ಏಳೆಂಟು ರೂಪಾಯಿ. ನಾಳೆ ಬೆಳಗ್ಗೆ ಡೇರಿಗೆ ಹೊರಡುವ ಮುನ್ನ ಕ್ಯಾನಿನಿಂದ ಎರಡು ಲೋಟ ತೆಗೆದಿಡಿ. ಒಂದು ಅತ್ತೆಯವರಿಗೆ, ಹಾಲು ಒಗ್ಗದಿದ್ದರೆ ಮೊಸರೋ ಮಜ್ಜಿಗೆಯೋ ಆಗಲಿ. ಎರಡನೆಯದು ಮಗಳಿಗೆ ಎಂದುಕೊಂಡಿರಾ? ಅವಳಿಗೂ ಬೇಕು, ಅದನ್ನು ನಾನು ಹೇಳದಿದ್ದರೂ ನೀವು ಕೊಡುತ್ತೀರಿ. ಈ ಎರಡನೆಯ ಲೋಟ ನಿಮಗೆ. ನಿಮಗೀಗ 43. ಅತ್ತೆಯವರ ಮೂಳೆ ಸವೆಯತೊಡಗಿದ್ದೂ ಹೆಚ್ಚು ಕಡಿಮೆ ಇದೇ ವಯಸ್ಸಿನಲ್ಲಿ, ಇದೇ ಕೊಟ್ಟಿಗೆಯಲ್ಲಿ, ಎಲ್ಲರಿಗೂ ಹಾಕಿ ಕೊನೆಗೆ ಉಣ್ಣುತ್ತಾ.

ಕುಡಿದು ಲೋಟ ತೊಳೆದಿಟ್ಟು ಡೇರಿಗೆ ಹೋಗಿ. ಕ್ಯಾನು ಹತ್ತಿರ ಹತ್ತಿರ ಅರ್ಧ ಲೀಟರಿನಷ್ಟು ಹಗುರ ಇರುತ್ತದೆ, ಇರಲಿ ಬಿಡಿ.